ಹಳೆಯ ಎಣ್ಣೆಯ ಲೆಕ್ಕ

ಶ್ರಾವಕಾಚಾರದ ವಿಷಯವಾಗಿ ಬರೆಯಲು ಕುಳಿತಾಗ ನಾವು ಸಾಮಾನ್ಯವಾಗಿ ಅಡುಗೆಮನೆಯಿಂದಲೇ ಆರಂಭಿಸುತ್ತೇವೆ. ರಾತ್ರಿಭೋಜನ ತ್ಯಾಗ, ಕಂದಮೂಲಗಳ ವರ್ಜನೆ, ಸೋಸಿದ ನೀರು, ಇವುಗಳನ್ನು ಕುರಿತು ಬಲ್ಲವರು ಬಹಳಷ್ಟು ಬರೆದಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಕಾರಿನ ಎಂಜಿನ್ ಆಯಿಲ್ ಬದಲಾಯಿಸುವ ವಿಷಯ. ಧರ್ಮಬಂಧುಗಳು ಮುಗುಳ್ನಗಬಹುದು. ಮೂರು ವರ್ಷಗಳ ಹಿಂದಾಗಿದ್ದರೆ ನಾನೂ ನಗುತ್ತಿದ್ದೆ.

2023ರ ನವೆಂಬರಿನಲ್ಲಿ, ದೀಪಾವಳಿ ಕಳೆದ ಬಳಿಕ, ಚಾತುರ್ಮಾಸ ಮುಗಿಸಿದ ಮುನಿಸಂಘವೊಂದು ಕಾರ್ಕಳದಿಂದ ಮೂಡುಬಿದಿರೆಯ ಕಡೆಗೆ ವಿಹಾರ ಹೊರಟಿತ್ತು. ಸುಮಾರು 18 ಕಿಲೋಮೀಟರುಗಳ ದಾರಿ. ಸಂಘದಲ್ಲಿ ವಯೋವೃದ್ಧರಿದ್ದುದರಿಂದ ನಡುವೆ ಒಂದು ಶಾಲೆಯ ಕಟ್ಟಡದಲ್ಲಿ ರಾತ್ರಿ ತಂಗುವ ಏರ್ಪಾಡಾಗಿತ್ತು. ಆಹಾರದ ಚೌಕಕ್ಕೆ ಬೇಕಾದ ಪಾತ್ರೆ ಪಡಗ, ಧಾನ್ಯ, ಬಟ್ಟೆಗಳನ್ನು ನನ್ನ ಕಾರಿನಲ್ಲಿ ಒಯ್ಯುವ ಹೊಣೆ ನನ್ನದು. ಪರವೂರಿಗೆ ಹೋಗುವ ಮುನ್ನ ಕಾರಿನ ಕೆಲಸ ಮಾಡಿಸಿಬಿಡಬೇಕೆಂದು ಎರಡು ದಿನಗಳ ಹಿಂದಷ್ಟೇ ಎಣ್ಣೆ ಬದಲಾಯಿಸಿ ತಂದಿದ್ದೆ.

ಶಾಲೆಯ ಬಾಗಿಲಿನಿಂದ ರಸ್ತೆಯ ವರೆಗೆ ಒಂದು ಕಾಲುದಾರಿ. ಅದರ ಎರಡೂ ಮಗ್ಗುಲಿಗೆ ಇಬ್ಬನಿ ಹಿಡಿದ ಹಸಿ ಹುಲ್ಲು. ಸಾಮಾನು ಇಳಿಸಲು ಅನುಕೂಲವೆಂದು ರಾತ್ರಿ ಕಾರನ್ನು ಆ ದಾರಿಯಲ್ಲಿಯೇ ನಿಲ್ಲಿಸಿದ್ದೆ. ಬೆಳಗಿನ ಜಾವ ಅದನ್ನು ರಸ್ತೆಗೆ ಸರಿಸಿದೆ. ಸೂರ್ಯೋದಯವಾದ ಮೇಲೆ ಮುನಿಗಳು ಪಿಂಛಿ ಕಮಂಡಲುಗಳನ್ನು ಹಿಡಿದು ಹೊರಬಂದರು. ಮುಂದಿದ್ದವರು ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು. ದಾರಿಯ ಮಧ್ಯದಲ್ಲಿ ಊಟದ ತಟ್ಟೆಯಷ್ಟಗಲ ಎಣ್ಣೆ ಸೋರಿ ಹರಡಿತ್ತು. ಅದರ ಮೇಲೆ ಇರುವೆಗಳು. ದಾರಿಯನ್ನು ಅಡ್ಡ ಹಾಯುತ್ತಿದ್ದ ಸಾಲೊಂದು ಅದರಲ್ಲಿ ಸಿಕ್ಕಿಕೊಂಡು, ಕೆಲವು ಸತ್ತು, ಕೆಲವು ಕಾಲೆಳೆಯುತ್ತ ಇದ್ದವು. ಎಣ್ಣೆಯನ್ನು ದಾಟೋಣವೆಂದರೆ ಅದರ ಸುತ್ತಲೂ ಇರುವೆ. ಪಕ್ಕಕ್ಕೆ ಸರಿಯೋಣವೆಂದರೆ ಹಸಿ ಹುಲ್ಲು. ಮುನಿಗಳು ಒಂದು ಕ್ಷಣ ನೋಡಿದರು. ಏನನ್ನೂ ಹೇಳಲಿಲ್ಲ. ಹಿಂದಿರುಗಿ ಕಟ್ಟಡವನ್ನು ಸುತ್ತಿ ಇನ್ನೊಂದು ಬಾಗಿಲಿನಿಂದ ಹೊರಟರು. ಸಂಘವೆಲ್ಲ ಅವರ ಹಿಂದೆ ಹೋಯಿತು.

ನಾನು ಒಂದು ಒಣ ಎಲೆ ಹಿಡಿದು ಇರುವೆಗಳನ್ನು ಎತ್ತಲು ಕುಳಿತೆ. ಎಣ್ಣೆ ಹತ್ತಿದ ಇರುವೆಯನ್ನು ಎತ್ತುವುದೆಂದರೆ ಅದರ ಕಾಲು ಮುರಿಯುವುದೆಂದೇ ಅರ್ಥ. ಐದಾರನ್ನು ಎತ್ತಿ ಕೈಬಿಟ್ಟೆ.

ಎಣ್ಣೆ ಎಲ್ಲಿಂದ ಸೋರಿತು ಎಂಬುದು ಆ ಸಂಜೆ ನಮ್ಮೂರಿನ ಗ್ಯಾರೇಜಿನಲ್ಲಿ ತಿಳಿಯಿತು. ಎಂಜಿನ್ನಿನ ತಳದ ಚೇಂಬರಿನಲ್ಲಿ ಹಳೆಯ ಎಣ್ಣೆ ಇಳಿಸಲು ಒಂದು ಬೋಲ್ಟ್ ಇರುತ್ತದೆ. ಅದರ ಬುಡದಲ್ಲಿ ಮೆತು ಲೋಹದ ಒಂದು ವಾಷರ್. ಬಿಗಿಯುವಾಗ ಅದು ಚಪ್ಪಟೆಯಾಗಿ ಸಂದನ್ನು ಮುಚ್ಚುತ್ತದೆ. ಒಮ್ಮೆ ಚಪ್ಪಟೆಯಾದದ್ದು ಎರಡನೆಯ ಸಲಕ್ಕೆ ಅಷ್ಟು ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಹೊಸದನ್ನು ಹಾಕುವುದು ರೂಢಿ. ನನ್ನ ಕಾರಿನಲ್ಲಿ ಹಳೆಯದೇ ಇತ್ತು. ಆದರೆ ಬಿಲ್ಲಿನಲ್ಲಿ ಹೊಸ ವಾಷರಿಗೆ ಹಣ ಬರೆದಿತ್ತು.

ಈ ಬಿಲ್ಲು ಮಂಗಳೂರಿನ ಒಂದು ದೊಡ್ಡ ಸರ್ವಿಸ್ ಸೆಂಟರಿನದು. ಅದರ ಹೆಸರು ಇಲ್ಲಿ ಅಪ್ರಸ್ತುತ. ವಾರಂಟಿಯ ಅವಧಿ ಮುಗಿದ ಮೇಲೆ ನಾನು ಆ ಕಡೆ ಹೋದವನಲ್ಲ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿಯೇ ದಿನ ಗೊತ್ತುಮಾಡಿ, “ಅಪ್ಪ, ಈ ಸಲವಾದರೂ ಸರಿಯಾದ ಕಡೆ ಮಾಡಿಸಿ” ಎಂದದ್ದರಿಂದ 35 ಕಿಲೋಮೀಟರು ಹೋಗಿ ಮಾಡಿಸಿ ಬಂದಿದ್ದೆ. ಅಲ್ಲಿ ಗಾಜಿನ ಕೋಣೆಯಲ್ಲಿ ಕುಳ್ಳಿರಿಸಿ ಕಾಫಿ ಕೊಡುತ್ತಾರೆ. ಕೆಲಸ ನಡೆಯುವ ಜಾಗಕ್ಕೆ ಗಿರಾಕಿಗೆ ಪ್ರವೇಶವಿಲ್ಲ.

ನಾನು ವಾಣಿಜ್ಯ ಓದಿದವನು. ನಲವತ್ತು ವರ್ಷಗಳಿಂದ ಅಡಿಕೆ, ಕಾಳುಮೆಣಸಿನ ವ್ಯಾಪಾರ ಮಾಡುತ್ತಿರುವವನು. ಬಿಲ್ಲನ್ನು ಒಮ್ಮೆ ಓದಿದರೆ ಸಾಲದು, ಕೂಡಿ ನೋಡಬೇಕೆನ್ನುವ ಜಾತಿ. ಆದರೂ ಎರಡು ದಿನ ಅದನ್ನು ಮಡಚಿಯೇ ಇಟ್ಟಿದ್ದೆ. ಆ ರಾತ್ರಿ ಬಿಡಿಸಿ ಕಾರಿನ ಕೈಪಿಡಿಯ ಪಕ್ಕದಲ್ಲಿಟ್ಟು ನೋಡಿದೆ. ಫಿಲ್ಟರು ಸಹಿತ ಎಣ್ಣೆ ಬದಲಾಯಿಸಲು ನನ್ನ ಕಾರಿಗೆ ಮೂರು ಲೀಟರಿಗಿಂತ ತುಸು ಹೆಚ್ಚು ಬೇಕು. ಬಿಲ್ಲಿನಲ್ಲಿ ಮೂರೂವರೆ ಲೀಟರಿನ ಹಣವಿತ್ತು. ಅದಲ್ಲದೆ ಎಂಜಿನ್ ತೊಳೆಯುವ ದ್ರವವೆಂದು ಒಂದು ಮೊತ್ತ. ಕೈಪಿಡಿಯಲ್ಲಿ ಅದರ ಪ್ರಸ್ತಾಪವೇ ಇಲ್ಲ. ಫೋನು ಮಾಡಿ ಕೇಳಿದ್ದಕ್ಕೆ, “ಈ ಮಾಡೆಲ್ಲಿಗೆ ಕಂಪ್ಯೂಟರಿನಲ್ಲಿ ಮೂರೂವರೆ ಅಂತಲೇ ಬರುತ್ತದೆ ಸಾರ್” ಎಂಬ ಉತ್ತರ ಬಂದಿತು. ಪೀಪಾಯಿಯಿಂದ ಪಂಪಿನಲ್ಲಿ ಅಳೆದು ಹಾಕುವ ಎಣ್ಣೆಗೆ ಕಂಪ್ಯೂಟರು ಮೊದಲೇ ಅಳತೆ ಬರೆದಿಟ್ಟಿರುವುದು ನನಗೆ ಹೊಸ ವಿಷಯವಾಗಿತ್ತು. ವಾಷರಿನ ಮಾತು ತೆಗೆದಾಗ, ಗಾಡಿ ತನ್ನಿ, ಉಚಿತವಾಗಿ ಹಾಕಿಕೊಡುತ್ತೇವೆ ಎಂದರು. ಹಣ ಈಗಾಗಲೇ ಕೊಟ್ಟಿರುವ ವಸ್ತುವನ್ನು ಉಚಿತವಾಗಿ ಕೊಡುವುದು ಹೇಗೆಂದು ನಾನು ಕೇಳಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಮತ್ತು ಒಂದನ್ನು ತೋರಿಸಿ ಅದರಂತೆ ಕಾಣುವ ಇನ್ನೊಂದನ್ನು ಕೊಡುವುದು. ಕಡೆಯ ಎರಡಕ್ಕೆ ಹೀನಾಧಿಕಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂದು ಹೆಸರು. ಕಾಳುಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವುದನ್ನು ಕಂಡಿರುವ ನನಗೆ ಈ ಎರಡನ್ನು ಯಾರೂ ವಿವರಿಸಬೇಕಾಗಿಲ್ಲ. ಮೂರೂವರೆ ಲೀಟರಿನ ಬಿಲ್ಲು ಮೊದಲನೆಯದು. ಹಳೆಯ ವಾಷರು ಎರಡನೆಯದು. ಹೀಗೆ ಆ ರಾತ್ರಿ ಸರ್ವಿಸ್ ಸೆಂಟರಿನ ವಿಚಾರಣೆಯನ್ನು ಸುಲಭವಾಗಿ ಮುಗಿಸಿ, ಇನ್ನು ಮುಂದೆ ಊರಿನ ಗ್ಯಾರೇಜೇ ಸರಿ ಎಂದು ನಿರ್ಧರಿಸಿ ಮಲಗಿದೆ. ಲೆಕ್ಕ ಅಲ್ಲಿಗೇ ಮುಗಿದಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ.

ಊರಿನ ಗ್ಯಾರೇಜಿನವರು ನನಗಿಂತ ಹತ್ತು ವರ್ಷ ಚಿಕ್ಕವರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ನನ್ನ ಹಿಂದಿನ ವಾಹನಗಳನ್ನೂ ಅವರೇ ನೋಡಿಕೊಂಡವರು. ಎಣ್ಣೆ ಹಾಕಿದ ಮೇಲೆ ಡಿಪ್‌ಸ್ಟಿಕ್ ಒರಸಿ, ಅದ್ದಿ, ಎತ್ತಿ ಗಿರಾಕಿಯ ಕಣ್ಣಿಗೆ ಹಿಡಿಯುತ್ತಾರೆ. ಎರಡು ಗೆರೆಗಳ ನಡುವೆ ಎಣ್ಣೆ ನಿಂತಿದೆಯೆಂದು ನೀವು ತಲೆಯಾಡಿಸಿದ ಮೇಲೆಯೇ ಬಾನೆಟ್ ಮುಚ್ಚುವುದು. ಉಳಿದ ಅರ್ಧ ಲೀಟರನ್ನು ಡಬ್ಬಿ ಸಹಿತ ಕೈಗೆ ಕೊಡುತ್ತಾರೆ. ಖಾಲಿ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಎಸೆಯುತ್ತಾರೆ. ಇಲ್ಲವಾದರೆ ಅದೇ ಡಬ್ಬಿಗೆ ಕೀಳು ಎಣ್ಣೆ ತುಂಬಿ ಮಾರುವವರಿದ್ದಾರೆ ಎಂಬುದು ಅವರಿಗೆ ಗೊತ್ತು. ಪ್ರತಿರೂಪಕ ವ್ಯವಹಾರವನ್ನು ತಡೆಯಲು ಒಂದು ಮೊಳೆ ಸಾಕು ಎಂಬುದನ್ನು ನಾನು ಕಲಿತದ್ದು ಅವರಿಂದ.

ಎಣ್ಣೆಯ ಗುಣದ ವಿಷಯದಲ್ಲಿಯೂ ಅವರು ಕೈಪಿಡಿಯನ್ನು ಮೀರುವವರಲ್ಲ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದೋ 20ಡಬ್ಲ್ಯೂ-40 ಎಂದೋ ಇರುತ್ತದಲ್ಲವೇ? ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು ಎಂಜಿನ್ ಕಾದ ಮೇಲೆ ಎಷ್ಟು ಮಂದವಾಗಿ ಉಳಿಯುತ್ತದೆಂಬುದನ್ನೂ ಸೂಚಿಸುತ್ತದೆ. ದಪ್ಪ ಎಣ್ಣೆಯೇ ಒಳ್ಳೆಯದೆಂಬುದು ಹಳೆಯ ಕಾಲದ ಎಂಜಿನ್ನುಗಳಿಂದ ಬಂದ ನಂಬಿಕೆ. ಎಣ್ಣೆ ಕಪ್ಪಾದೊಡನೆ ಕೆಟ್ಟಿತೆಂಬುದೂ ಅಂತಹದೇ ನಂಬಿಕೆ. ಎಣ್ಣೆಯಲ್ಲಿ ಬೆರೆಸಿರುವ ದ್ರವ್ಯಗಳು ಎಂಜಿನ್ನಿನ ಮಸಿಯನ್ನು ತಳದಲ್ಲಿ ಕೂರಲು ಬಿಡದೆ ತಮ್ಮಲ್ಲಿಯೇ ಹಿಡಿದಿಟ್ಟುಕೊಳ್ಳುವುದರಿಂದ ಅದು ಕಪ್ಪಾಗುತ್ತದೆ. ಎಂದರೆ ಕೆಲಸ ಮಾಡುತ್ತಿದೆ ಎಂದಾಯಿತು. ನನ್ನ ಕಾರಿಗೆ ಹತ್ತು ಸಾವಿರ ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂದು ಕೈಪಿಡಿ ಹೇಳುತ್ತದೆ. ನನ್ನ ಓಡಾಟ ವರ್ಷಕ್ಕೆ ಆರು ಸಾವಿರವನ್ನು ದಾಟದು. ಆದ್ದರಿಂದ ವರ್ಷಕ್ಕೊಮ್ಮೆ. ಐದು ಸಾವಿರಕ್ಕೇ ಬದಲಾಯಿಸಿ ಎನ್ನುವವರ ಮಾತು ಕೇಳಿದರೆ ಅಗತ್ಯವಿಲ್ಲದೆ ಇನ್ನಷ್ಟು ಕೊಳೆ ಎಣ್ಣೆಯನ್ನು ಲೋಕಕ್ಕೆ ಸೇರಿಸಿದಂತೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಒಂದಾಗಿ ಹೇಳಿರುವ ಪ್ರಮಾದಚರ್ಯೆ, ಅಂದರೆ ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು ಮುಂತಾದದ್ದು, ಇಲ್ಲಿಗೂ ಅನ್ವಯಿಸುತ್ತದೆಂದು ನನ್ನ ಭಾವನೆ.

ಹೀಗೆ ಎಲ್ಲ ವಿಧದಲ್ಲಿಯೂ ಪ್ರಾಮಾಣಿಕವಾದ ಈ ಗ್ಯಾರೇಜಿನಲ್ಲಿ, ವಾಷರ್ ಬದಲಾಯಿಸಿದ ಆ ಸಂಜೆ, ನಾನು ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದ ಒಂದು ಪ್ರಶ್ನೆಯನ್ನು ಕೇಳಿದ್ದೆ. ಇರುವೆಗಳು ಇನ್ನೂ ಕಣ್ಣಮುಂದಿದ್ದವು. ಇಳಿಸಿದ ಹಳೆಯ ಎಣ್ಣೆಯನ್ನು ನೀವು ಏನು ಮಾಡುತ್ತೀರಿ? ನಮ್ಮ ಮಾತು ನಡೆದದ್ದು ತುಳುವಿನಲ್ಲಿ; ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

“ಸೆಂಟ್ರಿಂಗಿನವರು ತೆಗೆದುಕೊಂಡು ಹೋಗುತ್ತಾರೆ ದನಿಗಳೇ, ಹಲಗೆಗೆ ಹಚ್ಚಲಿಕ್ಕೆ. ಲೀಟರಿಗೆ ಮೂವತ್ತು ರೂಪಾಯಿ ಕೊಡುತ್ತಾರೆ. ಬಡಗಿಗಳೂ ಕೇಳುತ್ತಾರೆ, ಮರಕ್ಕೆ ಗೆದ್ದಲು ಹಿಡಿಯದ ಹಾಗೆ.”

“ಮಳೆಗಾಲದಲ್ಲಿ?”

“ಮಳೆಗಾಲದಲ್ಲಿ ಎಂತ ಕಟ್ಟಡ ಕೆಲಸ ಮಾರಾಯ್ರೆ? ಆಗ ಹಿಂದಿನ ಕೋರೆಗೆ ಚೆಲ್ಲುವುದು.”

ಗ್ಯಾರೇಜಿನ ಹಿಂದೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯೊಂದಿದೆ. ನಮ್ಮ ಕರಾವಳಿಯ ಕೆಂಪುಕಲ್ಲಿನ ಗುಣ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ. ಅದು ಕಲ್ಲೆಂದರೂ ಒಳಗೆಲ್ಲ ಜೇನುಗೂಡಿನಂತೆ ತೂತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ ಆ ತೂತುಗಳಲ್ಲಿ ಇಳಿದು ನಮ್ಮ ಬಾವಿಗಳಿಗೆ ಒರತೆಯಾಗುತ್ತದೆ. ಮಳೆಯೊಂದಿಗೆ ಏನು ಚೆಲ್ಲಿದರೂ ಅದೇ ದಾರಿ. ಬಳಸಿದ ಎಣ್ಣೆಯೆಂದರೆ ಬರಿಯ ಎಣ್ಣೆಯಲ್ಲ. ಎಂಜಿನ್ನಿನಲ್ಲಿ ಸವೆದ ಲೋಹದ ಪುಡಿ, ಅರೆಬೆಂದ ಇಂಧನ, ಆಮ್ಲಗಳು, ರೋಗಕಾರಕ ಮಸಿ ಎಲ್ಲವೂ ಅದರಲ್ಲಿರುತ್ತವೆ. ಸರಕಾರವು ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿರುವುದು ಸುಮ್ಮನೆ ಅಲ್ಲ.

ಆ ಕೋರೆಯಿಂದ ನನ್ನ ಮನೆಯ ಬಾವಿಗೆ ಎರಡು ಫರ್ಲಾಂಗು. ನನ್ನ ಸಹಧರ್ಮಿಣಿ ಇಂದಿಗೂ ಬಾವಿಯ ನೀರನ್ನು ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸುತ್ತಾಳೆ. ಸೋಸಿದ ಬಟ್ಟೆಯಲ್ಲುಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಮೇಲಿನಿಂದ ಎಸೆಯದೆ, ಪಾತ್ರೆಯನ್ನು ನೀರಿನ ಮಟ್ಟದ ವರೆಗೆ ಇಳಿಸಿ ಅದೇ ಬಾವಿಗೆ ಬಿಡುತ್ತಾಳೆ. ನನ್ನ ತಾಯಿ ಹಾಗೆ ಮಾಡುತ್ತಿದ್ದರು, ಅಜ್ಜಿಯೂ ಹಾಗೆಯೇ. ಕಣ್ಣಿಗೆ ಕಾಣದ ಜೀವಗಳು ತಮ್ಮ ನೀರಿಗೆ ಮರಳಬೇಕೆಂದು ಒಬ್ಬಳು ಹಗ್ಗ ಇಳಿಸುತ್ತಿರುವಾಗ, ಅದೇ ನೀರಿನ ಮೂಲಕ್ಕೆ ಅವಳ ಗಂಡನ ಕಾರಿನ ಎಣ್ಣೆ ವರ್ಷಕ್ಕೆ ಮೂರು ಲೀಟರಿನಂತೆ ಇಳಿಯುತ್ತಿತ್ತು. ನನ್ನ ಕಾರಿನ ಎಣ್ಣೆ ಬದಲಾಯಿಸುವ ತಿಂಗಳು ಜೂನ್ ಆಗಿತ್ತು. ಮಳೆಗಾಲಕ್ಕೆ ಮುಂಚೆ ಗಾಡಿ ಸರಿಮಾಡಿಸಿಕೊಳ್ಳಬೇಕೆಂಬುದು ನನ್ನ ಪದ್ಧತಿ.

ಇನ್ನೊಂದನ್ನೂ ಮುಚ್ಚಿಡುವುದು ಸರಿಯಲ್ಲ. ಬಡಗಿಗಳು ಕೇಳುತ್ತಾರೆಂದು ಅವರು ಹೇಳಿದಾಗ ನನಗೆ ನನ್ನ ಮನೆಯ ಹಿಂದಿನ ಕೊಟ್ಟಿಗೆಯ ಪಕಾಸುಗಳು ನೆನಪಾದವು. ಅದನ್ನು ಕಟ್ಟಿಸುವಾಗ ಇದೇ ಗ್ಯಾರೇಜಿನಿಂದ ಐದು ಲೀಟರಿನ ತಗಡಿನ ಡಬ್ಬಿಯಲ್ಲಿ ಹಳೆಯ ಎಣ್ಣೆ ತಂದು ಬಡಗಿಗೆ ಕೊಟ್ಟವನು ನಾನೇ. ಗೆದ್ದಲು ಇರುವೆಯಂತೆ ಮೂರಿಂದ್ರಿಯದ ಜೀವ. ಸಂಕಲ್ಪೀ ಹಿಂಸೆಯನ್ನು ಬಿಟ್ಟಿದ್ದೇನೆಂದು ಹೇಳಿಕೊಳ್ಳುವ ಶ್ರಾವಕ ನಾನು. ಗೆದ್ದಲನ್ನು ಕೊಲ್ಲಬೇಕೆಂದು ಹಚ್ಚಿಸಲಿಲ್ಲ, ಬಾರದಿರಲೆಂದು ಹಚ್ಚಿಸಿದೆ ಎಂದು ಆಗ ಸಮಾಧಾನ ಮಾಡಿಕೊಂಡಿರಬೇಕು. ಮಾಡಿಕೊಂಡೆನೋ ಇಲ್ಲವೋ, ನಿಜವಾಗಿ ಅದೂ ನೆನಪಿಲ್ಲ. ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ ಎಂಬುದು ಹೆಚ್ಚು ಸಂಭವ.

ಮಹಾವ್ರತಿಗಳಿಗೆ ಐದು ಸಮಿತಿಗಳನ್ನು ವಿಧಿಸಿದೆ. ನಾವು ಈರ್ಯಾ ಸಮಿತಿಯನ್ನು ಬಲ್ಲೆವು. ಮುನಿಗಳು ನಾಲ್ಕು ಮೊಳ ನೆಲ ನೋಡಿ ಹೆಜ್ಜೆ ಇಡುವುದನ್ನು ಕಂಡು ಕೈಮುಗಿಯುತ್ತೇವೆ. ಏಷಣಾ ಸಮಿತಿ ಆಹಾರದ್ದು. ಆಹಾರ ಕೊಡುವವರು ನಾವೇ ಆದ್ದರಿಂದ ಅದೂ ಗೊತ್ತು. ಆದರೆ ಐದನೆಯದಾದ ಪ್ರತಿಷ್ಠಾಪನ ಸಮಿತಿಯ ಬಗ್ಗೆ ನಾವು ಪ್ರವಚನಗಳಲ್ಲಿ ಕೇಳುವುದು ಕಡಿಮೆ. ಮಲಮೂತ್ರಾದಿಗಳನ್ನು ಜೀವರಹಿತವಾದ ನೆಲವನ್ನು ನೋಡಿ, ಯಾರಿಗೂ ಬಾಧೆಯಾಗದಂತೆ ವಿಸರ್ಜಿಸಬೇಕೆಂಬ ಎಚ್ಚರಿಕೆ ಅದು. ದೇಹವೊಂದನ್ನುಳಿದು ಬೇರೇನೂ ಇಲ್ಲದವರಿಗೇ ಬೇಡವಾದದ್ದನ್ನು ಎಲ್ಲಿ ಬಿಡಬೇಕೆಂಬ ನಿಯಮವಿರುವಾಗ, ಅಂಗಡಿ, ಮನೆ, ವಾಹನಗಳಿಂದ ಬಿಡುವ ನಮಗೆ ಅದು ಬೇಡವೇ? ನಾವು ಯಾವುದನ್ನು ತರುತ್ತೇವೆ, ಎಲ್ಲಿಂದ ತರುತ್ತೇವೆ, ಶುದ್ಧವೋ ಅಶುದ್ಧವೋ ಎಂದು ನೂರು ಸಲ ನೋಡುತ್ತೇವೆ. ಬಿಡುವಾಗ ಮುಖ ತಿರುಗಿಸುತ್ತೇವೆ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು ಈ ಮೂರಕ್ಕೂ ಬಂಧವಿದೆಯೆಂದು ಓದಿದವರು ನಾವು. ಕೋರೆಗೆ ಚೆಲ್ಲಿದ ಕೈ ಗ್ಯಾರೇಜಿನವರದು. ಚೆಲ್ಲಿಸಿದ ಹಣ ನನ್ನದು.

ಈಗ ನನ್ನ ಮುಂದಿದ್ದ ಆಯ್ಕೆ ವಿಚಿತ್ರವಾಗಿತ್ತು. ಬಿಲ್ಲಿನಲ್ಲಿ ಸುಳ್ಳಾಡಿದ ಆ ದೊಡ್ಡ ಸರ್ವಿಸ್ ಸೆಂಟರಿನ ಹಿತ್ತಿಲಲ್ಲಿ ಬಳಸಿದ ಎಣ್ಣೆಗೆಂದೇ ಗುರುತು ಹಾಕಿದ ಪೀಪಾಯಿಗಳನ್ನು ನಾನು ಕಣ್ಣಾರೆ ಕಂಡಿದ್ದೆ. ಅದಕ್ಕೆ ದಾಖಲೆ ಪುಸ್ತಕವಿದೆ. ಮಂಡಳಿಯ ಅನುಮತಿ ಇರುವ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಸತ್ಯವಂತರಾದ ನಮ್ಮೂರಿನವರ ಎಣ್ಣೆ ಕೋರೆಗೆ ಹೋಗುತ್ತದೆ. ಅಚೌರ್ಯ ಬೇಕಾದರೆ ಇಲ್ಲಿ, ಅಹಿಂಸೆ ಬೇಕಾದರೆ ಅಲ್ಲಿ! ಮಗನಿಗೆ ಹೇಳಿದಾಗ, ವಿದ್ಯುತ್ ಕಾರು ತೆಗೆದುಕೊಳ್ಳಿ, ಅದರಲ್ಲಿ ಎಂಜಿನ್ನೂ ಇಲ್ಲ ಎಂಜಿನ್ ಎಣ್ಣೆಯೂ ಇಲ್ಲ ಎಂದ. ಮಾತು ನಿಜ. ಆದರೆ ಚೆನ್ನಾಗಿ ಓಡುವ ಒಂದು ಕಾರನ್ನು ಇನ್ನೊಬ್ಬರಿಗೆ ಮಾರಿ, ಅದರ ಎಣ್ಣೆಯ ಪ್ರಶ್ನೆಯನ್ನೂ ಅವರಿಗೇ ದಾಟಿಸಿ, ನಾನು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಎಣ್ಣೆ ಬದಲಾಯಿಸುವುದನ್ನು ಊರಿನ ಗ್ಯಾರೇಜಿನಲ್ಲಿಯೇ ಮಾಡಿಸುವುದು, ಇಳಿಸಿದ ಎಣ್ಣೆಯನ್ನು ಡಬ್ಬಿಯಲ್ಲಿ ಒಯ್ದು ಸರ್ವಿಸ್ ಸೆಂಟರಿನ ಪೀಪಾಯಿಗೆ ಸುರಿಯುವುದು ಎಂಬುದು ನನ್ನ ಮೊದಲ ಯೋಜನೆ. ಅವರು ಒಪ್ಪಲಿಲ್ಲ. ತಮ್ಮಲ್ಲಿ ಇಳಿಸಿದ ಎಣ್ಣೆಗೆ ಮಾತ್ರ ತಮ್ಮ ದಾಖಲೆಯಲ್ಲಿ ಜಾಗವಿದೆ ಎಂದರು. ಅದು ನ್ಯಾಯವಾದ ಮಾತೇ. ಬಳಸಿದ ಎಣ್ಣೆಯ ವಿಷಯದಲ್ಲಿ ಕಾನೂನು 1989ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಂದ ಆರಂಭವಾಗಿ, 2016ರಲ್ಲಿ ಹೊಸ ರೂಪ ಪಡೆದು, 2023ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಗಿದೆ. ಎಣ್ಣೆಯನ್ನು ತಯಾರಿಸುವವರು ಮತ್ತು ಆಮದು ಮಾಡುವವರೇ ಬಳಸಿದ ಎಣ್ಣೆಯ ಮರುಬಳಕೆಗೆ ಹೊಣೆಗಾರರೆಂಬ ಕಟ್ಟಳೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೋಂದಾಯಿತ ಘಟಕದಲ್ಲಿ ಅದನ್ನು ಶುದ್ಧಗೊಳಿಸಿ ಮತ್ತೆ ಮೂಲ ಎಣ್ಣೆಯನ್ನಾಗಿ ಮಾಡಬಹುದು. ಎಣ್ಣೆ ಕೊಳೆಯಾಗುತ್ತದೆಯೇ ಹೊರತು ಸವೆದುಹೋಗುವುದಿಲ್ಲ. ಆತ್ಮಕ್ಕೆ ಅಂಟಿದ ಕರ್ಮದಂತೆ ಎಂದು ಬರೆಯಲು ಕೈ ತವಕಿಸುತ್ತದೆ; ಆದರೆ ಎಂಜಿನ್ ಎಣ್ಣೆಯಿಂದ ಅಷ್ಟು ದೂರ ಹೋಗುವುದು ಬೇಡ.

ಮಂಗಳೂರಿನಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋಗಿ ಅನುಮತಿ ಇರುವ ಘಟಕಗಳ ವಿವರ ಪಡೆದೆ. ಒಂದು ಘಟಕದ ಏಜೆಂಟರು ಫೋನಿನಲ್ಲಿ ಸಿಕ್ಕಿದರು. ನನ್ನ ಮೂರು ಲೀಟರಿನ ಮಾತು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. “ಐದು ಡ್ರಮ್ಮಾದರೂ ಇದ್ದರೆ ಟೆಂಪೋ ಕಳಿಸಬಹುದು ಸಾರ್” ಎಂದರು. ಐದು ಡ್ರಮ್ಮೆಂದರೆ ಸಾವಿರ ಲೀಟರು. ನನ್ನೊಬ್ಬನ ಕಾರಿನಿಂದ ಅಷ್ಟು ಸಂಗ್ರಹವಾಗಲು ಮುನ್ನೂರು ವರ್ಷಗಳು ಮೀರುತ್ತವೆ. ನಿಯಮದ ಪ್ರಕಾರ ಅಂತಹ ತ್ಯಾಜ್ಯವನ್ನು 90 ದಿನಗಳಿಗಿಂತ ಹೆಚ್ಚು ಕಾಲ ಕೂಡಿಡುವಂತೆಯೂ ಇಲ್ಲ. ಹಾಗಾದರೆ ಗ್ಯಾರೇಜಿನವರೇ ಕೂಡಿಡಬೇಕು, ಅದೂ ಒಬ್ಬರಲ್ಲ, ಆ ರಸ್ತೆಯ ಮೂರು ಗ್ಯಾರೇಜುಗಳು ಒಟ್ಟಾಗಿ.

ಈ ಪ್ರಸ್ತಾಪವನ್ನು ಹಿಡಿದು ನಾನು ಒಂದು ಭಾನುವಾರ ಅವರಲ್ಲಿಗೆ ಹೋದೆ. ಬಾವಿಯ ವಿಷಯ, ಕೋರೆಯ ವಿಷಯ, ಕಾನೂನಿನ ವಿಷಯ ಎಲ್ಲವನ್ನೂ ಹೇಳಿದೆ. ಸ್ವಲ್ಪ ಉಪದೇಶದ ಧಾಟಿ ಬಂದಿರಬೇಕು. ಅವರು ಕೈಯ ಮಸಿಯನ್ನು ಹತ್ತಿಬಟ್ಟೆಯಿಂದ ಒರಸಿಕೊಳ್ಳುತ್ತ ಎಲ್ಲವನ್ನೂ ಕೇಳಿ, ಕೊನೆಗೆ ಹೇಳಿದರು:

“ದನಿಗಳೇ, ನೀವು ಹೇಳುವುದು ಸರಿ ಉಂಟು. ಏಜೆಂಟರು ಲೀಟರಿಗೆ ಎಷ್ಟು ಕೊಡುತ್ತಾರಂತೆ?”

“ಇಪ್ಪತ್ತೆರಡು.”

“ಎಂಟು ರೂಪಾಯಿ ಕಡಿಮೆ. ಕಾನೂನು ಅಂತ ಹೇಳಿದಿರಿ. ಇಪ್ಪತ್ತು ವರ್ಷದಿಂದ ನನಗೆ ನೀವು ಬರುವುದು ಗೊತ್ತುಂಟು. ಬಿಲ್ಲು ಬರೆಯಲಿಕ್ಕೆ ಹೊರಟರೆ, ‘ಬಿಲ್ಲು ಬೇಡ, ತೆರಿಗೆ ಬಿಟ್ಟು ಹೇಳಿ’ ಅಂತ ಹೇಳುವವರು ನೀವಲ್ಲವಾ?”

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಲೆಕ್ಕ ತೋರಿಸಿದರು, ಅಷ್ಟೆ. ಡಿಪ್‌ಸ್ಟಿಕ್ ಎತ್ತಿ ಕಣ್ಣಮುಂದೆ ಹಿಡಿದಂತೆ. ಐದು ಅತಿಚಾರಗಳಲ್ಲಿ ಎರಡನ್ನು ಸರ್ವಿಸ್ ಸೆಂಟರಿನವರ ತಲೆಗೆ ಕಟ್ಟಿದ ನಾನು, ಮೂರನೆಯದಾದ ವಿರುದ್ಧರಾಜ್ಯಾತಿಕ್ರಮವನ್ನು ಓದುವಾಗ ಗಡಿ ದಾಟಿಸುವ ಕಳ್ಳಸಾಗಣೆಯವರನ್ನೇ ಯೋಚಿಸುತ್ತಿದ್ದೆ. ಅಂಗಡಿಯ ವ್ಯವಹಾರದಲ್ಲಿ ಒಂದು ರೂಪಾಯಿಯ ತೆರಿಗೆಯನ್ನೂ ಬಿಟ್ಟವನಲ್ಲ. ಆದರೆ ಗಿರಾಕಿಯಾಗಿ ಗ್ಯಾರೇಜಿನಲ್ಲಿ ನಿಂತಾಗ ನೂರಿನ್ನೂರು ರೂಪಾಯಿ ಉಳಿಸುವ ಜಾಣತನವನ್ನು ವ್ರತಕ್ಕೆ ಸಂಬಂಧಿಸಿದ್ದೆಂದು ಭಾವಿಸಿಯೇ ಇರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಬಹಳ ಹೊತ್ತಿನ ಮೇಲೆ, ಇನ್ನು ಮುಂದೆ ಬಿಲ್ಲು ಕೊಡಿ ಎಂದೆ. ಕೊಡುತ್ತೇನೆ ಎಂದರು. ಮೊದಲ ಸಲದ ಸಾವಿರ ಲೀಟರಿನ ಮೇಲೆ ಬೀಳುವ ಎಂಟು ರೂಪಾಯಿಯ ವ್ಯತ್ಯಾಸವನ್ನು ಮೂರು ಗ್ಯಾರೇಜುಗಳಿಗೂ ನಾನು ತುಂಬಿಕೊಡುತ್ತೇನೆ, ಆ ಮೇಲೆ ನಿಮ್ಮ ಮನಸ್ಸು ಎಂದೆ. ಅವರು ಪಕ್ಕದವರನ್ನು ಕೇಳಿ ಹೇಳುತ್ತೇನೆಂದರು.

ಒಂದು ಗ್ಯಾರೇಜಿನವರು ಕೂಡಲೇ ಒಪ್ಪಿದರು. ಇನ್ನೊಬ್ಬರು ಒಂದು ತಿಂಗಳು ಸತಾಯಿಸಿದರು. ಡ್ರಮ್ಮುಗಳಿಗೆ ಮಾಡು ಬೇಕಿತ್ತು. ನೀರು ಸೇರಿದ ಎಣ್ಣೆಯನ್ನು ಏಜೆಂಟರು ತೆಗೆದುಕೊಳ್ಳುವುದಿಲ್ಲ. ಅಡಿಕೆ ಒಣಗಿಸುವ ಅಂಗಳದ ಹಳೆಯ ತಗಡುಗಳು ನನ್ನಲ್ಲಿದ್ದವು, ಕಳಿಸಿದೆ. ಡ್ರಮ್ಮಿನ ಬಾಯಿಗೆ ಸೂಕ್ಷ್ಮ ಬಲೆ ಕಟ್ಟಿಸಿದೆ. ಇರುವೆ, ಹುಳುಗಳು ಬೀಳಬಾರದೆಂದು ಹೇಳಿದಾಗ ಗ್ಯಾರೇಜಿನ ಹುಡುಗರು ಪರಸ್ಪರ ಮುಖ ನೋಡಿಕೊಂಡರು, ಆದರೆ ಕಟ್ಟಿದರು. 2024ರ ಮೇ ತಿಂಗಳಲ್ಲಿ, ಮಳೆಗೆ ಮೊದಲು, ಟೆಂಪೋ ಬಂದು ಐದು ಡ್ರಮ್ಮುಗಳನ್ನು ಒಯ್ದಿತು. ರಶೀದಿಯ ಒಂದು ಪ್ರತಿ ನನ್ನ ಅಂಗಡಿಯ ಕಡತದಲ್ಲಿದೆ.

ಎಲ್ಲವೂ ಸುಸೂತ್ರವಾಯಿತೆಂದು ಹೇಳಿದರೆ ಸತ್ಯಾಣುವ್ರತಕ್ಕೆ ದೋಷ ಬರುತ್ತದೆ. ಆ ವರ್ಷದ ಬೇಸಗೆಯಲ್ಲಿ ಸತಾಯಿಸಿದ್ದ ಆ ಗ್ಯಾರೇಜಿನವರು ಒಂದು ಡ್ರಮ್ಮನ್ನು ಸೆಂಟ್ರಿಂಗಿನವರಿಗೆ ಮಾರಿಕೊಂಡದ್ದು ನನಗೆ ತಿಳಿದಿದೆ. ಹಲಗೆಗೆ ಹಚ್ಚಿದ ಎಣ್ಣೆಯೂ ಕೊನೆಗೆ ನೆಲಕ್ಕೇ ಅಲ್ಲವೇ ಎಂದು ಕೇಳಿದೆ. ಮಕ್ಕಳ ಶಾಲೆಯ ಶುಲ್ಕ ಕಟ್ಟುವ ತಿಂಗಳು ಎಂದರು. ಕೋರೆಯ ತಳದ ಕಪ್ಪು ಮಣ್ಣು ಹಾಗೆಯೇ ಇದೆ. ಕೊಟ್ಟಿಗೆಯ ಪಕಾಸುಗಳಲ್ಲಿ ಈಗಲೂ ಗೆದ್ದಲಿಲ್ಲ. ಬಿಸಿಲು ಏರಿದ ಮಧ್ಯಾಹ್ನ ಅಲ್ಲಿ ಹೋದರೆ ಎಣ್ಣೆಯ ವಾಸನೆ ಬರುತ್ತದೆ.

ಈಚೆಗೆ ಎಣ್ಣೆ ಬದಲಾಯಿಸಲು ಹೋಗುವಾಗ ಎಣ್ಣೆಯ ಡಬ್ಬಿ, ಫಿಲ್ಟರು, ವಾಷರುಗಳನ್ನು ನಾನೇ ಬಿಲ್ಲು ಸಹಿತ ಕೊಂಡೊಯ್ಯುತ್ತೇನೆ. ಕೆಲಸದ ಕೂಲಿಗೆ ಅವರು ಬಿಲ್ಲು ಬರೆಯುತ್ತಾರೆ. ಆ ರಾತ್ರಿ ಕಾರಿನ ಅಡಿಗೆ ಹಳೆಯ ವೃತ್ತಪತ್ರಿಕೆ ಹಾಸಿ, ಬೆಳಿಗ್ಗೆ ಸಾಮಾಯಿಕ ಮುಗಿಸಿ ಎದ್ದೊಡನೆ ಹೋಗಿ ನೋಡುತ್ತೇನೆ. ಮುನಿಸಂಘವು ಮತ್ತೆ ಈ ದಾರಿಯಲ್ಲಿ ಬಂದಾಗ ಸಾಮಾನು ಸಾಗಿಸುವ ಸೇವೆಗೆ ನನ್ನ ಹೆಸರನ್ನು ಬರೆಸಿದ್ದೇನೆ, ಕಾರನ್ನು ಡಾಮರು ರಸ್ತೆಯಲ್ಲಿಯೇ ನಿಲ್ಲಿಸುವ ಷರತ್ತನ್ನು ನಾನೇ ಹಾಕಿಕೊಂಡು.

ಮೊದಲ ಸಲದ ವ್ಯತ್ಯಾಸದ ಹಣ ಎಂಟು ಸಾವಿರ ರೂಪಾಯಿಗಳನ್ನು ಮೂರೂ ಗ್ಯಾರೇಜುಗಳಿಗೆ ಹಂಚಿಕೊಟ್ಟ ದಿನ ಅಂಗಡಿಯ ಗುಮಾಸ್ತರು ನನ್ನ ಸ್ವಂತ ಖಾತೆಯಲ್ಲಿ ಅದನ್ನು ‘ಧರ್ಮಾದಾಯ’ ಎಂಬ ತಲೆಬರಹದಡಿ ಬರೆದಿದ್ದರು. ಬಸದಿಯ ಅಭಿಷೇಕದ ಕಾಣಿಕೆಯ ಕೆಳಗಿನ ಸಾಲಿನಲ್ಲಿ. ಪುಣ್ಯದ ಕೆಲಸ ಅಲ್ಲವೇ ಎಂದು ಅವರ ಭಾವನೆ. ನಾನು ಆ ಸಾಲನ್ನು ಹೊಡೆದುಹಾಕಿಸಿ, ಎರಡು ಪುಟ ಹಿಂದೆ, ಪೆಟ್ರೋಲು ಮತ್ತು ವಿಮೆಯ ಜೊತೆಗೆ, ‘ವಾಹನ ವೆಚ್ಚ’ ಎಂದು ಬರೆಸಿದೆ.